ಮೇದೋಜೀರಕ ಗ್ರಂಥಿಯ ಉರಿಯೂತದ ವರ್ಣನೆಯಲ್ಲಿ ರೂಪಕದ ಔಚಿತ್ಯ

ಕನ್ನಡದ ವೈದ್ಯಕ ಗದ್ಯದಲ್ಲಿ ದೇಹವು ಕೋಟೆಯೆಂದೂ, ಬಿಳಿಯ ರಕ್ತಕಣಗಳು ಅದನ್ನು ಕಾಯುವ ಭಟರೆಂದೂ, ರೋಗಾಣುಗಳು ಮುತ್ತಿಗೆ ಹಾಕುವ ಶತ್ರುಗಳೆಂದೂ ವರ್ಣಿಸುವ ಪದ್ಧತಿಯು ರೂಢವಾಗಿದೆ. ಶಾಲಾಪಾಠಗಳಿಂದ ತೊಡಗಿ ಜನಪ್ರಿಯ ವೈದ್ಯಗ್ರಂಥಗಳವರೆಗೆ ಈ ರೂಪಕವು ಅವಿಚಾರಿತವಾಗಿಯೇ ನಡೆದುಬಂದಿದೆ. ಸಿಡುಬು, ವಿಷಮಶೀತಜ್ವರ ಮೊದಲಾದ ಸಾಂಕ್ರಾಮಿಕ ರೋಗಗಳ ವಿಷಯದಲ್ಲಿ ಅದು ಬಹುಮಟ್ಟಿಗೆ ಸಲ್ಲುವುದೂ ಉಂಟು. ಆದರೆ ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವೆಂಬ ರೋಗವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಅಲಂಕಾರವು ಎಲ್ಲಿ ಮುರಿದುಬೀಳುತ್ತದೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಶಬ್ದವಿಚಾರ. 'ಉರಿಯೂತ'ವು ಉರಿ, ಊತ ಎಂಬ ಎರಡು ಪದಗಳು ಯಕಾರಾಗಮದಿಂದ ಕೂಡಿ ಆದ ಶಬ್ದ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಗ್ರಂಥಕಾರನಾದ ಸೆಲ್ಸಸನು ಈ ವಿಕಾರಕ್ಕೆ ಕೆಂಪು, ಊತ, ಬಿಸಿ, ನೋವು ಎಂದು ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ. ಕನ್ನಡದ ಶಬ್ದವಾದರೋ ಬಿಸಿಯನ್ನೂ ನೋವನ್ನೂ 'ಉರಿ'ಯಲ್ಲಿ ಅಡಗಿಸಿ, ಊತವನ್ನು ಬಾಯಿಬಿಟ್ಟು ಹೇಳಿ, ನಾಲ್ಕರಲ್ಲಿ ಮೂರನ್ನು ಐದಕ್ಷರಕ್ಕೂ ಕಡಮೆಯಲ್ಲಿ ಮುಗಿಸಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 17ನೆಯ ಅಧ್ಯಾಯದಲ್ಲಿ ಶೋಥಕ್ಕೆ ಆಮ, ಪಚ್ಯಮಾನ, ಪಕ್ವವೆಂಬ ಮೂರು ಅವಸ್ಥೆಗಳು ಹೇಳಲ್ಪಟ್ಟಿವೆ. ಅಲ್ಲಿ ಪ್ರಧಾನವಾದುದು ಪಾಕ. ಈ ಶಬ್ದಗಳಲ್ಲಿ ಎಲ್ಲಿಯೂ ಶತ್ರುವಿನ ಸುಳಿವಿಲ್ಲವೆಂಬುದನ್ನು ಗಮನಿಸಬೇಕು. ಯುದ್ಧವನ್ನು ತಂದವರು ಆಧುನಿಕರು.

ಇನ್ನು ರೋಗದ ಸ್ವರೂಪ. ಜಠರದ ಹಿಂಬದಿಯಲ್ಲಿರುವ ಈ ಗ್ರಂಥಿಯು ಅನ್ನವನ್ನು ಜೀರ್ಣಿಸುವ ಕಿಣ್ವಗಳನ್ನು ಹುಟ್ಟಿಸುತ್ತದೆ. ಅವುಗಳಲ್ಲಿ ಮುಖ್ಯವಾದ ಟ್ರಿಪ್ಸಿನ್ ಗ್ರಂಥಿಯೊಳಗೆ ಟ್ರಿಪ್ಸಿನೋಜನ್ ಎಂಬ ನಿಷ್ಕ್ರಿಯರೂಪದಲ್ಲಿದ್ದು, ಕರುಳನ್ನು ಸೇರಿದ ಮೇಲೆಯೇ ಎಚ್ಚರಗೊಳ್ಳತಕ್ಕದ್ದು. ಪಿತ್ತಾಶಯದ ಕಲ್ಲು ನಾಳದ ಬಾಯಿಗೆ ಸಿಕ್ಕಿಕೊಂಡಾಗ, ಅಥವಾ ಮದ್ಯಪಾನದ ದೆಸೆಯಿಂದ, ಅದು ಗ್ರಂಥಿಯ ಕೋಶಗಳಲ್ಲಿಯೇ ಅಕಾಲದಲ್ಲಿ ಎಚ್ಚರಗೊಳ್ಳುತ್ತದೆ. 1896ರಲ್ಲಿ ಹಾನ್ಸ್ ಕಿಯಾರಿ ಎಂಬ ವೈದ್ಯನು ಗ್ರಂಥಿಯು ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆಂಬ ಸ್ವಪಚನವಾದವನ್ನು ಮಂಡಿಸಿದನು. ಭಸ್ಮಾಸುರನ ಕಥೆಯನ್ನು ಬಲ್ಲವರಿಗೆ ಈ ವಾದವು ಒಡನೆಯೇ ಹಿಡಿಸುವುದು ಸಹಜ. ಆದರೆ ಹಿಡಿಸುವ ಉಪಮಾನವೇ ಮೋಸಗೊಳಿಸುವುದು. ಭಸ್ಮಾಸುರನ ಕಥೆಯಲ್ಲಿ ಕೈಯೂ ತಲೆಯೂ ಒಬ್ಬನದೇ. ಇಲ್ಲಿ ಎರಡನೆಯ ಕರ್ತೃವಿದ್ದಾನೆ.

ಆ ಕರ್ತೃವನ್ನು 1988ರಲ್ಲಿ ರಿಂಡರ್ಕ್‌ನೆಖ್ಟ್ ಎಂಬ ವಿದ್ವಾಂಸನು ಬೊಟ್ಟುಮಾಡಿ ತೋರಿಸಿದನು. ಮಾರಕವಾದ ಉರಿಯೂತಕ್ಕೆ ಬಿಳಿಯ ರಕ್ತಕಣಗಳ ಅತಿಯಾದ ಉದ್ರೇಕವೇ ಕಾರಣವಾಗಿರಬಹುದೆಂದು ಅವನ ಊಹೆ. ಮುಂದೆ 2011ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಈ ಪಕ್ಷಕ್ಕೆ ಬಲ ಕೊಟ್ಟಿತು. ಟ್ರಿಪ್ಸಿನೋಜನ್ನಿನ ಮುಖ್ಯ ಪ್ರಭೇದವೊಂದು ಇಲ್ಲದಂತೆ ಮಾಡಿದ ಇಲಿಗಳಿಗೆ ರೋಗವನ್ನು ತಂದಾಗ, ಗ್ರಂಥಿಕೋಶಗಳ ನಾಶವು ಸುಮಾರು ಅರ್ಧಕ್ಕೆ ಇಳಿಯಿತಾದರೂ ಉರಿಯೂತವು ಇಳಿಯಲಿಲ್ಲ. ಆದಕಾರಣ ಸ್ವಪಚನವು ರೋಗದ ಒಂದು ಮುಖವೇ ಹೊರತು ಸರ್ವಸ್ವವಲ್ಲ.

ಹಾಗಾದರೆ ಈ ಕಣಗಳು ಬರುವುದೇಕೆ? ಒಡೆದ ಗ್ರಂಥಿಕೋಶದಿಂದ ಅದರ ಒಳಗಿನ ಸಾಮಗ್ರಿಗಳು, ಡಿ.ಎನ್.ಎ., ಹಿಸ್ಟೋನ್, ಎ.ಟಿ.ಪಿ. ಮೊದಲಾದವು, ಹೊರಚೆಲ್ಲುತ್ತವೆ. ಒಳಗಿರಬೇಕಾದುದು ಹೊರಗೆ ಕಂಡುದೇ ಕರೆಯಾಗುತ್ತದೆ. ಗ್ರಂಥಿಕೋಶಗಳೂ ತಾವಾಗಿಯೇ ಕರೆಯುವ ದ್ರವ್ಯಗಳನ್ನು ಕಳುಹಿಸುತ್ತವೆ. ಮೊದಲು ನ್ಯೂಟ್ರೊಫಿಲ್ ಕಣಗಳು, ಅನಂತರ ರಕ್ತದಿಂದ ಬಂದ ಮಾನೊಸೈಟುಗಳು ಮಹಾಭಕ್ಷಕಗಳಾಗಿ, ಗ್ರಂಥಿಯನ್ನು ತುಂಬುತ್ತವೆ. ಇಷ್ಟು ಹೊತ್ತಿಗೆ ಅಲ್ಲಿ ರೋಗಾಣುವೊಂದೂ ಇಲ್ಲ. ಸೇನಾರೂಪಕವು ಮುರಿಯುವುದು ಇಲ್ಲಿಯೇ: ಉಪಮೇಯದಲ್ಲಿ ಶತ್ರುವೆಂಬ ಅಂಗವೇ ಶೂನ್ಯವಾಗಿದೆ. ದೇಹವು ಗುರುತಿಸುವುದು ಪರರನ್ನಲ್ಲ, ಅಪಾಯವನ್ನು ಎಂದು ಪಾಲಿ ಮ್ಯಾಟ್ಸಿಂಗರ್ ಎಂಬ ವಿದುಷಿಯು 1994ರಲ್ಲಿ ಮಂಡಿಸಿದ ಮತವು ಇಂತಹ ಸ್ಥಳದಲ್ಲಿ ಚೆನ್ನಾಗಿ ಒಪ್ಪುತ್ತದೆ.

ಬಂದ ಕಣಗಳ ವ್ಯಾಪಾರವು ಇನ್ನೂ ವಿಲಕ್ಷಣ. ನ್ಯೂಟ್ರೊಫಿಲ್‌ಗಳು ತೀಕ್ಷ್ಣವಾದ ಆಮ್ಲಜನಕಜನ್ಯ ದ್ರವ್ಯಗಳನ್ನು ಹೊರಬಿಡುತ್ತವೆ. ಅದರಿಂದ ಗ್ರಂಥಿಯಲ್ಲಿ ಇನ್ನಷ್ಟು ಟ್ರಿಪ್ಸಿನೋಜನ್ ಎಚ್ಚರಗೊಳ್ಳುತ್ತದೆ. ತಮ್ಮದೇ ಡಿ.ಎನ್.ಎ.ಯನ್ನು ಬಲೆಯಂತೆ ಹೊರಕ್ಕೆ ಬೀಸುವ ಅವುಗಳ ಶಕ್ತಿಯು 2004ರಲ್ಲಿ ಬೆಳಕಿಗೆ ಬಂದಿತು. ಸೂಕ್ಷ್ಮಜೀವಿಗಳನ್ನು ಹಿಡಿಯಬೇಕಾದ ಆ ಬಲೆಯು ಈ ರೋಗದಲ್ಲಿ ಗ್ರಂಥಿಯ ಸಣ್ಣ ನಾಳಗಳನ್ನೇ ಮುಚ್ಚಿಬಿಡಬಹುದೆಂದು ಆಮೇಲಿನ ಪ್ರಯೋಗಗಳು ತೋರಿಸಿವೆ. ಮಹಾಭಕ್ಷಕಗಳ ವಿಷಯವಾಗಿ 2018ರಲ್ಲಿ ಪ್ರಕಟವಾದ ಸಂಶೋಧನೆಯು ಎಲ್ಲಕ್ಕಿಂತಲೂ ವಿಸ್ಮಯಕರವಾದುದು. ಅವು ಸತ್ತ ಕೋಶಗಳ ಚೂರುಗಳೊಡನೆ ನಿಷ್ಕ್ರಿಯವಾದ ಟ್ರಿಪ್ಸಿನೋಜನ್ನನ್ನೂ ನುಂಗುತ್ತವೆ. ನುಂಗಿದುದು ಅವುಗಳ ಒಡಲಿನಲ್ಲಿಯೇ ಕ್ಯಾಥೆಪ್ಸಿನ್-ಬಿ ಎಂಬ ಕಿಣ್ವದಿಂದ ಎಚ್ಚರಗೊಂಡು ಉರಿಯನ್ನು ಹೆಚ್ಚಿಸುತ್ತದೆ. ಶುಚಿಗೊಳಿಸುವ ಕೆಲಸವೇ ಕಿಚ್ಚಿಗೆ ಸೌದೆಯಾಗುತ್ತದೆ.

ಇದಕ್ಕೆ ಪುರಾಣೇತಿಹಾಸಗಳಲ್ಲಿ ಸದೃಶವಾದುದನ್ನು ಹುಡುಕುವುದಾದರೆ ಮೌಸಲಪರ್ವವನ್ನು ನೋಡಬೇಕು. ಪ್ರಭಾಸಕ್ಷೇತ್ರದಲ್ಲಿ ಯಾದವರ ಎದುರಿಗೆ ಶತ್ರುವಿಲ್ಲ. ದಡದಲ್ಲಿ ಬೆಳೆದ ಜೊಂಡುಹುಲ್ಲು ಹುಲ್ಲಾಗಿದ್ದಾಗ ನಿರಪಾಯ. ಕಿತ್ತವನ ಕೈಯಲ್ಲಿ ಅದು ಒನಕೆಯಾಗುತ್ತದೆ. ಟ್ರಿಪ್ಸಿನೋಜನ್ನಿಗೂ ಮಹಾಭಕ್ಷಕಕ್ಕೂ ಇರುವ ಸಂಬಂಧವನ್ನು ಇದಕ್ಕಿಂತ ಸಮೀಪವಾಗಿ ತೋರಿಸುವ ಉಪಮಾನವು ದೊರೆಯುವುದು ಕಷ್ಟ. (ಯಾದವರು ಅಂದು ಮದ್ಯಪಾನಮತ್ತರಾಗಿದ್ದರೆಂಬುದು ಆಕಸ್ಮಿಕವಾದರೂ ಸ್ವಾರಸ್ಯಕರವಾಗಿದೆ.) ಆದರೂ ಇದನ್ನು ರೂಪಕವಾಗಿ ಬಳಸದೆ ಉಪಮೆಯಾಗಿಯೇ ಬಳಸತಕ್ಕದ್ದು. ರೂಪಕದಲ್ಲಿ ಅಭೇದವೇ ಜೀವ. ಉಪಮೆಯು ಸಾಧರ್ಮ್ಯವನ್ನು ಹೇಳಿಯೂ ಭೇದವನ್ನು ಉಳಿಸಿಕೊಳ್ಳುತ್ತದೆ. ಯಾದವಕುಲವು ಬಹುತೇಕ ನಿಶ್ಶೇಷವಾಯಿತು; ಈ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿಗೆ ಉರಿಯು ತಾನಾಗಿ ಆರುತ್ತದೆ. ಉಳಿದವರಲ್ಲಿಯೇ ಸಂದೇಶದ್ರವ್ಯಗಳು ರಕ್ತದಲ್ಲಿ ಹರಡಿ, ಶ್ವಾಸಕೋಶ ಮೂತ್ರಪಿಂಡಗಳು ಸೋಲುತ್ತವೆ. ಅಂತಹ ಸೋಲು 48 ಗಂಟೆಗಳನ್ನು ಮೀರಿದರೆ ರೋಗವನ್ನು ಉಗ್ರವೆಂದು ಗಣಿಸಬೇಕೆಂದು ಅಟ್ಲಾಂಟಾ ವರ್ಗೀಕರಣದ 2012ರ ಪರಿಷ್ಕರಣವು ವಿಧಿಸಿದೆ.

ಇದು ಬರಿಯ ಅಲಂಕಾರಚರ್ಚೆಯೆಂದು ತಳ್ಳಿಹಾಕತಕ್ಕದ್ದಲ್ಲ. ಜ್ವರವಿದೆ, ಬಿಳಿಯ ಕಣಗಳು ಏರಿವೆ, ಆದ್ದರಿಂದ ಶತ್ರುವೂ ಇರಲೇಬೇಕು ಎಂಬ ಅನುಮಾನವು ಇಲ್ಲಿ ವ್ಯಭಿಚಾರಿಹೇತುವಿನಿಂದ ಕೂಡಿದುದು. ಸೋಂಕಿಲ್ಲದ ಕಾಲದಲ್ಲಿ ಮುಂಜಾಗ್ರತೆಗೆಂದು ಆಂಟಿಬಯಾಟಿಕ್ ಕೊಡುವುದನ್ನು ಇಂದಿನ ಚಿಕಿತ್ಸಾಸೂತ್ರಗಳು ಅನುಮೋದಿಸುವುದಿಲ್ಲ. ಹಾಗೆಂದು ಭಟರನ್ನೇ ಕಟ್ಟಿಹಾಕಿದರೆ ಸಾಕೆಂಬ ವಿಪರೀತ ನಿರ್ಣಯವೂ ನಿಲ್ಲಲಿಲ್ಲ. ಉರಿಯೂತದ ಸಂದೇಶದ್ರವ್ಯವೊಂದನ್ನು ತಡೆಯುವ ಲೆಕ್ಸಿಪಫಾಂಟ್ ಎಂಬ ಔಷಧವು ಆರಂಭದಲ್ಲಿ ಆಸೆ ಹುಟ್ಟಿಸಿ, 2001ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ನಿರೀಕ್ಷಿತ ಫಲವನ್ನು ಕೊಡದೆ ಹೋಯಿತು. ಅಲ್ಲದೆ ಮೊದಲ ಉದ್ರೇಕದ ಜೊತೆಜೊತೆಗೇ ದೇಹದಲ್ಲಿ ಅದನ್ನು ಅಡಗಿಸುವ ಪ್ರತಿಕ್ರಿಯೆಯೂ ಏಳುತ್ತದೆ. ಅದು ಮೇರೆ ಮೀರಿದರೆ ಕಣಗಳು ನಿಸ್ತೇಜವಾಗುತ್ತವೆ; ಕೆಲವು ವಾರಗಳ ಮೇಲೆ ಕರುಳಿನ ಸೂಕ್ಷ್ಮಜೀವಿಗಳು ನಿರ್ಜೀವವಾದ ಗ್ರಂಥಿಭಾಗವನ್ನು ಹೊಕ್ಕು ಕೀವನ್ನುಂಟುಮಾಡುತ್ತವೆ. ಆಗ ಶತ್ರುವೂ ಇದ್ದಾನೆ, ಆಂಟಿಬಯಾಟಿಕ್ಕಿಗೂ ಅವಕಾಶವಿದೆ, ಸೇನಾರೂಪಕವೂ ಸಲ್ಲುತ್ತದೆ. ಒಂದೇ ರೋಗದ ಪೂರ್ವಭಾಗದಲ್ಲಿ ಅನುಚಿತವಾದುದು ಉತ್ತರಭಾಗದಲ್ಲಿ ಉಚಿತವಾಗುತ್ತದೆ. ಕ್ಷೇಮೇಂದ್ರನು ಔಚಿತ್ಯವನ್ನು ಕಾಲದೇಶಗಳಿಗೂ ಅನ್ವಯಿಸಿ ವಿಚಾರಿಸಿದುದು ಕಾವ್ಯಕ್ಕೆ ಮಾತ್ರ ಸಲ್ಲತಕ್ಕದ್ದಲ್ಲ.

ಪಾರಿಭಾಷಿಕಗಳನ್ನು ರಚಿಸುವವರು ಇಲ್ಲಿ ಒಂದು ಅಂಶವನ್ನು ಪರ್ಯಾಲೋಚಿಸಬೇಕು. 'ರೋಗನಿರೋಧಕ ಕಣ'ವೆಂಬ ಹೆಸರು ಕಣಕ್ಕೆ ಪ್ರಯೋಜನವನ್ನು ಮೊದಲೇ ಆರೋಪಿಸಿಬಿಡುತ್ತದೆ. 'ನಿರೋಧಕ ಕಣವು ರೋಗವನ್ನು ಬೆಳೆಸಿತು' ಎಂಬ ವಾಕ್ಯವು ಆಗ ವದತೋವ್ಯಾಘಾತವಾಗಿ ಕೇಳಿಸುತ್ತದೆ. 1882ರಲ್ಲಿ ಮೆಸ್ಸಿನಾ ನಗರದಲ್ಲಿ ನಕ್ಷತ್ರಮೀನಿನ ಮರಿಯೊಳಗೆ ಮುಳ್ಳು ಚುಚ್ಚಿ, ಅದರ ಸುತ್ತ ಕಣಗಳು ನೆರೆದುದನ್ನು ಕಂಡ ಮೆಚ್ನಿಕಾಫನೂ ಅವುಗಳನ್ನು ರಕ್ಷಕರೆಂದೇ ಬಗೆದನು. ಆದರೆ ಆ ಕಣಗಳಿಗೆ ನಿಂತ ಹೆಸರಿನ ಅರ್ಥವು ಭಕ್ಷಕವೆಂದು. ಅದು ಕಣದ ಕ್ರಿಯೆಯನ್ನಷ್ಟೇ ಹೇಳುತ್ತದೆ. ನುಂಗಿದುದು ಹಿತಕ್ಕೋ ಅಹಿತಕ್ಕೋ ಎಂಬುದನ್ನು ಸಂದರ್ಭಕ್ಕೆ ಬಿಡುತ್ತದೆ. ಕನ್ನಡದಲ್ಲಿಯೂ 'ಭಕ್ಷಕಕಣ', 'ಬಿಳಿಯ ರಕ್ತಕಣ' ಎಂಬ ಕ್ರಿಯಾನಿಮಿತ್ತ, ಗುಣನಿಮಿತ್ತ ನಾಮಗಳು ಪ್ರಚಾರದಲ್ಲಿರುವಾಗ, ಈ ರೋಗದ ಪ್ರಕರಣದಲ್ಲಾದರೂ ಅವುಗಳನ್ನೇ ಬಳಸುವುದು ಯುಕ್ತ.