ಶಾರ್ಟೇಜ್ ಲಿಸ್ಟಿನಲ್ಲಿ ಸಿಗುವವರು

ಅಂಗವಿಕಲ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯ ಏನು ಮಾಡಿದೆ ಎಂದರೆ ನಮ್ಮಲ್ಲಿ ಉತ್ತರ ಸಿದ್ಧ: ಸೀಟಿನಲ್ಲಿ ಶೇ 5 ಮೀಸಲು, ಮೆಟ್ಟಿಲ ಪಕ್ಕ ರ‍್ಯಾಂಪ್, ಪರೀಕ್ಷೆಗೆ ಉತ್ತರ ಬರೆದುಕೊಡುವ ಸ್ಕ್ರೈಬ್. ಮೂರೂ ಹೋರಾಡಿ ಪಡೆದವು, ಹಗುರ ಮಾಡುವ ಇರಾದೆ ನನಗಿಲ್ಲ. ಆದರೆ ಮೀಸಲಾತಿ ಮುಗಿಯುವುದು ಪ್ರವೇಶದ ದಿನ, ಸ್ಕ್ರೈಬ್ ಬರುವುದು ಪರೀಕ್ಷೆಯ ದಿನ. ನಡುವಿನ ಸೆಮಿಸ್ಟರ್‌ಗೆ ಉಳಿಯುವುದು ರ‍್ಯಾಂಪ್ ಒಂದೇ. ಅದು ಕಾಲಿನ ತೊಂದರೆಗೆ ಮದ್ದು, ಕಾಲದ ತೊಂದರೆಗಲ್ಲ. ನನ್ನ ತಕರಾರು ಈ ನಡುವಿನ ತಿಂಗಳುಗಳದ್ದು.

ಸೋಸಲೆಯ ಹುಡುಗಿಯೊಬ್ಬಳು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಕಿಡ್ನಿ ಕೈಕೊಟ್ಟಿದೆ, ವಾರಕ್ಕೆ ಎರಡು ಸಲ ಡಯಾಲಿಸಿಸ್. ತಾಲ್ಲೂಕು ಆಸ್ಪತ್ರೆಗಳಿಗೂ ಯಂತ್ರ ಬಂದಿರುವ ಕಾಲ, ತಿ. ನರಸೀಪುರದಲ್ಲೇ ಆಗುತ್ತದೆ ಎನ್ನೋಣ. ಒಂದು ಸಲಕ್ಕೆ ಸುಮಾರು ನಾಲ್ಕು ಗಂಟೆ. ಆಮೇಲಿನ ಸುಸ್ತು ಬೇರೆ. ಆ ದಿನ ಮೈಸೂರಿಗೆ ಹೋಗಿ ಪಾಠ ಕೇಳುವುದು ಆಗದ ಮಾತು. ಆರು ದಿನದ ವಾರದಲ್ಲಿ ಎರಡು ದಿನ ತಪ್ಪಿದರೆ ಹಾಜರಿ ಶೇ 67. ಬೇಕಾದ್ದು 75. ಉಳಿದ ನಾಲ್ಕು ದಿನ ಒಂದು ಪೀರಿಯಡ್ಡೂ ಬಿಡದೆ ಕೂತರೂ ಅವಳ ಹೆಸರು ಶಾರ್ಟೇಜ್ ಲಿಸ್ಟಿಗೆ ಬಂದೇ ಬರುತ್ತದೆ. ಪರೀಕ್ಷೆಗೇ ಕೂರಿಸದ ಮೇಲೆ ಅಲ್ಲಿನ ಸವಲತ್ತು ಯಾರಿಗೆ?

'ಅವಳು ಅಂಗವಿಕಲೆ ಅಲ್ಲವಲ್ಲ' ಎನ್ನುವುದು ರೂಢಿಯ ಉತ್ತರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ವೈಕಲ್ಯಗಳಲ್ಲಿ ಸಿಕಲ್ ಸೆಲ್, ಹಿಮೊಫಿಲಿಯಾ, ಥಲಸೇಮಿಯಾ ಇವೆ. ಕಿಡ್ನಿ ವೈಫಲ್ಯ, ಮೂರ್ಛೆರೋಗ, ಟೈಪ್ 1 ಮಧುಮೇಹ ಇಲ್ಲ. ಪಟ್ಟಿಯಲ್ಲಿದ್ದರೂ ಸರ್ಟಿಫಿಕೇಟಿನಲ್ಲಿ ಶೇ 40 ಇರಬೇಕು. ಕಚೇರಿಯ ಓದು ಇಲ್ಲಿಗೆ ನಿಲ್ಲುತ್ತದೆ, ಕಾಯ್ದೆ ಇಲ್ಲಿಗೆ ನಿಲ್ಲುವುದಿಲ್ಲ. ಶೇ 40 ಮುಖ್ಯವಾಗಿ ಮೀಸಲಾತಿಯಂಥ ಸೌಲಭ್ಯಗಳ ಅಳತೆ. ಅದೇ ಕಾಯ್ದೆಯ 2(ಎಸ್) ಕಲಮು ಅಂಗವಿಕಲ ವ್ಯಕ್ತಿ ಯಾರೆಂದು ಹೇಳುವಾಗ ಪಟ್ಟಿಯನ್ನೂ ಕೇಳುವುದಿಲ್ಲ, ಶೇಕಡಾವಾರನ್ನೂ ಕೇಳುವುದಿಲ್ಲ. ದೀರ್ಘಕಾಲದ ನ್ಯೂನತೆ ಇರಬೇಕು, ಎದುರಿನ ಅಡೆತಡೆಗೆ ಸಿಕ್ಕಿ ಅದು ಎಲ್ಲರಂತೆ ಪಾಲ್ಗೊಳ್ಳದ ಹಾಗೆ ಮಾಡಬೇಕು, ಅಷ್ಟೆ. 2021ರ ಫೆಬ್ರವರಿಯಲ್ಲಿ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಡಿದದ್ದು ಈ ಎಳೆಯನ್ನೇ. ಅರ್ಜಿದಾರರಿಗೆ ರೈಟರ್ಸ್ ಕ್ರ್ಯಾಂಪ್, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ. ಶೇ 40ರ ಮಿತಿ ತೋರಿಸಿ ಯುಪಿಎಸ್‌ಸಿ ಸ್ಕ್ರೈಬ್ ನಿರಾಕರಿಸಿತ್ತು, ಕೋರ್ಟ್ ಒಪ್ಪಲಿಲ್ಲ. ಐದು ಪರ್ಸೆಂಟ್ ಸೀಟಿಗೆ ಹಾಕಿದ ಬೇಲಿಯನ್ನು ನಮ್ಮ ಕಾಲೇಜುಗಳು ಇಡೀ ಹೊಲಕ್ಕೇ ಎಳೆದಿವೆ.

ಇದಕ್ಕೆ ಬರುವ ಆಕ್ಷೇಪ ಗೊತ್ತಿರುವುದೇ: ಹಾಜರಿ ಸಡಿಲಿಸಿದರೆ ಸುಳ್ಳು ಮೆಡಿಕಲ್ ಸರ್ಟಿಫಿಕೇಟಿನ ಸಂತೆ ನೆರೆಯುತ್ತದೆ. ನೆರೆಯಬಹುದು. ಆದರೆ ಕೆಲವರು ದುರುಪಯೋಗ ಮಾಡಿಯಾರೆಂಬ ಭಯ ನಿಜವಾಗಿ ಬೇಕಾದವರ ಹಕ್ಕು ಕಸಿಯಲು ಕಾರಣವಾಗದು ಎಂಬ ವಿಚಾರವೂ ಅದೇ ತೀರ್ಪಿನಲ್ಲಿದೆ. ಇನ್ನೊಂದು ಆಕ್ಷೇಪಕ್ಕೆ ನಾನು ಅರ್ಧ ಒಪ್ಪುತ್ತೇನೆ. ಲ್ಯಾಬ್ ತಪ್ಪಿಸಿಕೊಂಡವರಿಗೆ ರಸಾಯನಶಾಸ್ತ್ರದ ಪದವಿ ಕೊಡಬಾರದು ನಿಜ. ಲ್ಯಾಬನ್ನು ಬೇರೆ ದಿನ ಮಾಡಿಸಬೇಕು. ಎಂಎ ತರಗತಿಗೆ ಆ ಕಷ್ಟವೂ ಇಲ್ಲ. 2020ರಲ್ಲಿ ಕೊರೊನಾ ಬಂದಾಗ ಪಾಠ ಫೋನಿಗೆ ಬಂತು, ಮನೆಯಲ್ಲಿ ಕೂತವರಿಗೂ ಹಾಜರಿ ಬಿತ್ತು. ಆಗ ಪದವಿಯ ಮಾನ ಹೋಯಿತೆಂದು ಯಾರೂ ಅಳಲಿಲ್ಲ.

ಅಂಗವಿಕಲರಿಗೆ ನಮ್ಮಲ್ಲೇನಿದೆ ಎಂದರೆ ಮೈಸೂರಿನವರು ಎರಡು ಹೆಸರು ಹೇಳುತ್ತಾರೆ: ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ, ಮತ್ತು ಜೆಎಸ್‌ಎಸ್ ಮಹಾವಿದ್ಯಾಪೀಠ 1991ರಲ್ಲಿ ತೆರೆದ ವಿಕಲಚೇತನರ ಪಾಲಿಟೆಕ್ನಿಕ್. ಎರಡನೆಯದರ ಬೇರು ನಂಜನಗೂಡು ತಾಲ್ಲೂಕಿನ ಸುತ್ತೂರಿನಲ್ಲಿದೆ. ನಮ್ಮ ಸೀಮೆಯವರು ಹೆಮ್ಮೆಪಡುವುದು ಸಹಜ, ನನಗೂ ಇದೆ. ಆದರೆ ವಿದ್ಯಾರ್ಥಿಯ ದೇಹಕ್ಕೆ ತಕ್ಕಂತೆ ತರಗತಿಯನ್ನು ಹೊಂದಿಸಬಹುದು ಎಂದು ಆ ಪಾಲಿಟೆಕ್ನಿಕ್ ತೋರಿಸಿಕೊಟ್ಟರೆ, ಉಳಿದವರು ಕಲಿತದ್ದು 'ಅಂಥವರಿಗೆ ಅಲ್ಲಿದೆ' ಎಂಬುದನ್ನು. ಡಿಪ್ಲೊಮಾ ಬೇಡ, ಹಳಗನ್ನಡ ಓದಬೇಕು ಎನ್ನುವವಳು ಎಲ್ಲಿಗೆ ಹೋಗಬೇಕು?

ಕೊಟ್ಟ ಸವಲತ್ತೂ ಎಷ್ಟು ಕುರುಡಾಗಿರುತ್ತದೆ ನೋಡಿ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಒಳ್ಳೆಯದೇ. ಅದು ಈ ಹುಡುಗಿಗೂ ಸಿಕ್ಕಿತು ಎನ್ನೋಣ: ಮಧ್ಯಾಹ್ನ 2ಕ್ಕೆ ಶುರುವಾಗುವ ಮೂರು ಗಂಟೆಯ ಪರೀಕ್ಷೆ ಅವಳ ಪಾಲಿಗೆ ಮುಗಿಯುವುದು 6ಕ್ಕೆ. ಅಲ್ಲಿಂದ ಬಸ್ ಸ್ಟ್ಯಾಂಡು, ನರಸೀಪುರ, ಮತ್ತೆ ಸೋಸಲೆ. ಇಂಥವರಿಗೆ ಬೆಳಗಿನ ಪಾಳಿ ಕೊಟ್ಟರೆ ವಿಶ್ವವಿದ್ಯಾಲಯಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಅದು ಯಾವ ಸವಲತ್ತಿನ ಪಟ್ಟಿಯಲ್ಲೂ ನನಗೆ ಕಂಡಿಲ್ಲ.

ಹಾಜರಿ ಕೊರತೆಯನ್ನು ಮನ್ನಿಸುವ ಕಂಡೋನೇಷನ್ ಇದೆಯಲ್ಲ ಎಂದಾರು. ಇದೆ, ಲಿಸ್ಟು ನೋಟಿಸ್ ಬೋರ್ಡಿಗೆ ಬಿದ್ದ ಮೇಲೆ, ಕೈಮುಗಿದು ಕೇಳುವವರಿಗೆ. ಡಯಾಲಿಸಿಸ್ ದಿನಗಳು ಜೂನ್‌ನಲ್ಲಿ ಗೊತ್ತಿದ್ದರೆ ತೀರ್ಮಾನಕ್ಕೆ ನವೆಂಬರ್‌ವರೆಗೆ ಕಾಯುವುದು ಏಕೆ? ಸೆಮಿಸ್ಟರಿನ ಮೊದಲ ವಾರವೇ ವಿಭಾಗದ ಮುಖ್ಯಸ್ಥರು ಅವಳನ್ನು ಕೂರಿಸಿಕೊಂಡು, ಎಷ್ಟು ತರಗತಿ, ಯಾವ ದಿನ ಇಂಟರ್ನಲ್ಸ್, ತಪ್ಪಿದ ಪಾಠ ಹೇಗೆ ಎಂಬುದನ್ನು ಬರೆದು, ಸಹಿ ಹಾಕಿ, ಒಂದು ಪ್ರತಿ ಅವಳ ಕೈಗೆ ಕೊಡಲಿ.