ಪದ್ಮಿನಿಯನ್ನು ನೋಡುವ ಬಗೆ

ಹಳೆ ಕಾರುಗಳ ಪ್ರದರ್ಶನದಲ್ಲಿ ಜನ ಮುಗಿಬೀಳುವುದು ರೋಲ್ಸ್‌ರಾಯ್ಸ್, ಬ್ಯುಯಿಕ್‌ಗಳ ಮುಂದೆ. ಪಕ್ಕದ ಪ್ರೀಮಿಯರ್ ಪದ್ಮಿನಿಯನ್ನು ‘ಓ, ಫಿಯಟ್ಟು’ ಎಂದು ದಾಟಿಬಿಡುತ್ತಾರೆ. ನೀವು ಅಲ್ಲೇ ನಿಲ್ಲಿ. ಅರಮನೆಯ ಕಾರು ಉಳಿಯಲು ದುಡ್ಡಿತ್ತು, ಆಳುಕಾಳಿದ್ದರು. ಡಾಕ್ಟರು, ವಕೀಲರು ದಿನಾ ಓಡಿಸಿದ ಕಾರು ಇವತ್ತಿಗೂ ಉಳಿದಿದ್ದರೆ ಯಾರೋ ಹಟ ಹಿಡಿದು ಉಳಿಸಿಕೊಂಡಿದ್ದಾರೆ.

ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ 1964ರಲ್ಲಿ ಇಟಲಿಯ ಫಿಯಟ್ 1100 ಡಿ ಮಾದರಿಯನ್ನು ‘ಡಿಲೈಟ್’ ಎಂದು ಇಲ್ಲಿ ತಯಾರಿಸತೊಡಗಿತು. 70ರ ದಶಕದಲ್ಲಿ ಅದೇ ಪ್ರೆಸಿಡೆಂಟ್ ಆಗಿ, ಆಮೇಲೆ ಪದ್ಮಿನಿಯಾಯಿತು. ಜನರ ಬಾಯಲ್ಲಿ ಮಾತ್ರ ಕೊನೆವರೆಗೂ ಫಿಯಟ್ಟೇ. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಬ್ಯಾಂಕಿನಲ್ಲಿ 5,000 ರೂಪಾಯಿ ಸಾಲ ಮಾಡಿ ಕೊಂಡದ್ದು ಈ ಫಿಯಟ್ಟನ್ನೇ. ದಿಲ್ಲಿಯ ಅವರ ಸ್ಮಾರಕದಲ್ಲಿ ಅದನ್ನು ನೋಡಬಹುದು.

ಮಾಲೀಕರನ್ನು ಕೇಳಿ ಬಾಗಿಲು ತೆಗೆಸಿ. ಗೇರು ನೆಲದ ಮೇಲಿಲ್ಲ, ಸ್ಟೇರಿಂಗ್ ಪಕ್ಕದಲ್ಲಿ ಕಡ್ಡಿಯಾಗಿ ಚಾಚಿದೆ. ಹಾಗಾಗಿ ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು: ಅಪ್ಪ, ಅಮ್ಮ, ನಡುವೆ ಒಂದು ಮಗು. ಕಿಟಕಿಯ ತುದಿಯಲ್ಲಿರುವ ತ್ರಿಕೋನದ ಗಾಜನ್ನು ತಿರುಗಿಸಿದರೆ ಓಡುವ ಕಾರಿನೊಳಗೆ ಗಾಳಿ ನೇರ ಮುಖಕ್ಕೆ ನುಗ್ಗುತ್ತದೆ. ಹಿಂದಕ್ಕೆ ಬಂದು ಡಿಕ್ಕಿಯ ಎರಡು ಬದಿ ನೋಡಿ. ರೆಕ್ಕೆಯಂತೆ ಎದ್ದ ಆ ಅಂಚು 1950ರ ದಶಕದ ಶೋಕಿ. ನಮ್ಮಲ್ಲಿ ಅದು ಶತಮಾನದ ಕೊನೆಯವರೆಗೂ ತಯಾರಾಯಿತು. ಕೊನೆಯ ವರ್ಷಗಳ ಎಸ್1 ಮಾದರಿಯಲ್ಲಿ ಗೇರು ನೆಲಕ್ಕಿಳಿಯಿತು, ಬೆಂಚು ಹೋಯಿತು. ಅಂಥದ್ದನ್ನು ಪದ್ಮಿನಿ ಅನ್ನಲು ನನಗೆ ಮನಸ್ಸೇ ಬರುವುದಿಲ್ಲ.

ಈಗ ತಗಡಿನ ಪರೀಕ್ಷೆ. ಬಾಗಿಲಿನ ಕೆಳ ಅಂಚು ಸವರಿ, ಮ್ಯಾಟ್ ಎತ್ತಿ ನೆಲ ನೋಡಿ. ತುಕ್ಕು ಶುರುವಾಗುವುದು ಅಲ್ಲಿಂದ. ಸಣ್ಣ ಅಯಸ್ಕಾಂತ ಇಟ್ಟಾಗ ಹಿಡಿಯದಿದ್ದರೆ ಬಣ್ಣದ ಕೆಳಗೆ ದಪ್ಪಗೆ ಪಟ್ಟಿ ಮೆತ್ತಿದ್ದಾರೆ ಎಂದು ತಿಳಿಯಿರಿ. ಮಿರಮಿರ ಮಿಂಚುವ ಹೊಸ ಪೇಂಟಿಗಿಂತ ಮಾಸಿದ ಮೂಲ ಬಣ್ಣವೇ ಮೇಲು. ಬಾನೆಟ್ ಎತ್ತಿಸದೆ ಮೆಚ್ಚಿಕೊಳ್ಳಬೇಡಿ: 1089 ಸಿಸಿ ಪೆಟ್ರೋಲ್ ಎಂಜಿನ್ ತೆಗೆದು ಬೇರೆ ಡೀಸೆಲ್ ಎಂಜಿನ್ ಕೂರಿಸಿದ ಕಾರುಗಳೂ ಇವೆ.

ಎಲ್ಲೆಲ್ಲೂ ಇದ್ದ ಕಾರನ್ನು ಎತ್ತಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. 1983ರಲ್ಲಿ ಮಾರುತಿ 800 ಬಂದ ಮೇಲೆ ಹಳೆ ಫಿಯಟ್‌ಗಳು ಒಂದೊಂದಾಗಿ ಗುಜರಿ ಸೇರಿದವು. ಮುಂಬೈಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಓಡುತ್ತಿದ್ದವಕ್ಕೂ 20 ವರ್ಷದ ಮಿತಿ ಮುಗಿದು, 2023ರ ಅಕ್ಟೋಬರ್‌ನಲ್ಲಿ ಕೊನೆಯದು ರಸ್ತೆಯಿಂದ ಸರಿಯಿತು.

2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೊದಮೊದಲ ಪದ್ಮಿನಿಗಳು ಈಗಷ್ಟೇ ಆ ವಯಸ್ಸಿಗೆ ಬಂದಿವೆ. 80ರ, 90ರ ದಶಕದವು ಇನ್ನೂ ಕಾಯಬೇಕು. ಅಜ್ಜನ ಮನೆಯ ಶೆಡ್ಡಿನಲ್ಲಿ ಒಂದಿದ್ದರೆ ದಯವಿಟ್ಟು ಗುಜರಿಯವರನ್ನು ಕರೆಯಬೇಡಿ. ಮೊದಲು ಆರ್‌ಸಿ ಪುಸ್ತಕ ಹುಡುಕಿ, ಆಮೇಲೆ ಊರಿನ ಹಳೇ ಮೆಕ್ಯಾನಿಕ್ಕನ್ನು ಕರೆಸಿ.