ಮುಂದಿನ ಟೈರು ಹಿಂದಕ್ಕೆ: ಉಳಿತಾಯ ಯಾರದು, ಅಪಾಯ ಯಾರದು?

ಬೈಕಿನ ಎರಡೂ ಟೈರುಗಳನ್ನು ಒಂದೇ ದಿನ ಹಾಕಿಸಿದರೂ ಅವು ಒಟ್ಟಿಗೆ ಸವೆಯುವುದಿಲ್ಲ. ಎಂಜಿನ್ನಿನ ಎಳೆತವೂ ಭಾರದ ದೊಡ್ಡ ಪಾಲೂ ಹಿಂದಿನ ಚಕ್ರಕ್ಕೆ ಬೀಳುವುದರಿಂದ ಹಿಂದಿನ ಟೈರು ಬೇಗ ಬೋಳಾಗುತ್ತದೆ. ಅದನ್ನು ಬದಲಿಸಬೇಕಾದ ಹೊತ್ತಿಗೂ ಮುಂದಿನದರಲ್ಲಿ ಸಾಕಷ್ಟು ಗ್ರಿಪ್ ಉಳಿದಿರುತ್ತದೆ. ಎರಡರ ಅಳತೆಯೂ ಒಂದೇ ಆಗಿದ್ದರೆ, ಮುಂದಿನದನ್ನು ಬಿಚ್ಚಿ ಹಿಂದಕ್ಕೆ ಹಾಕಿದರೇನು ಎಂಬ ಯೋಚನೆ ಪಂಕ್ಚರ್ ಅಂಗಡಿಯ ಮುಂದೆ ನಿಂತ ಯಾರಿಗಾದರೂ ಬರುತ್ತದೆ. ಹೊಸದಾಗಿ ಕೊಂಡರೂ ಮುಂದಿನ ಟೈರು ಅಗ್ಗ. ಹಳೆಯ ಟೈರು ಮಾರುವವರ ಬಳಿ ಚೆನ್ನಾಗಿರುವ ಮುಂದಿನ ಟೈರು ಸಿಕ್ಕುವಷ್ಟು ಸುಲಭವಾಗಿ ಹಿಂದಿನದು ಸಿಕ್ಕುವುದಿಲ್ಲ. ಈ ಅದಲುಬದಲಿಗೆ ಕಾರಣ ಸೋಮಾರಿತನವಲ್ಲ, ತಿಂಗಳ ಕೊನೆಯ ಲೆಕ್ಕಾಚಾರ. ಅದಕ್ಕೇ ಇದನ್ನು ಬೈದು ಮುಗಿಸದೆ ಪರೀಕ್ಷಿಸಿ ನೋಡಬೇಕು.

ಈ ಬಗ್ಗೆ ಎರಡು ತೀರ್ಪುಗಳು ಚಾಲ್ತಿಯಲ್ಲಿವೆ. ಹಾಕಲೇಬಾರದು ಎನ್ನುವುದು ಒಂದು, ರಬ್ಬರಿಗೆ ಮುಂದೇನು ಹಿಂದೇನು ಎನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯವೆಂಬುದು ನನ್ನ ಅಭಿಪ್ರಾಯ. ಟೈರು ಯಾವ ಚಕ್ರದ್ದೆಂದು ನಿರ್ಧರಿಸುವುದು ಅದರ ಪಕ್ಕೆಯ ಮೇಲೆ ಅಚ್ಚಾಗಿರುವ ಅಂಕಿ ಮತ್ತು ಬಾಣದ ಗುರುತು. ನಮ್ಮ ರೂಢಿ ಎಡವುವುದು ಅದನ್ನು ಓದದೆ ಬರೀ ಅಳತೆ ನೋಡಿ ಒಪ್ಪಿಕೊಳ್ಳುವಲ್ಲಿ.

ಮೊದಲು ರೂಢಿಯ ಪರವಾಗಿ ಹೇಳಬೇಕಾದದ್ದನ್ನು ಹೇಳೋಣ. ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಮುಂದಕ್ಕೂ ಹಿಂದಕ್ಕೂ 3.50-10 ಅಳತೆಯ ಒಂದೇ ಟೈರು, ಎರಡಕ್ಕೂ ಒಂದೇ ಸ್ಟೆಪ್ನಿ. ಯಾವ ಚಕ್ರ ಪಂಕ್ಚರ್ ಆದರೂ ಸ್ಟೆಪ್ನಿ ಹಾಕಿಕೊಂಡು ಮನೆ ಸೇರಬಹುದಿತ್ತು. ಅಲ್ಲಿ ಅದಲುಬದಲಿ ಕಳ್ಳದಾರಿಯಾಗಿರಲಿಲ್ಲ, ಗಾಡಿಯ ವಿನ್ಯಾಸವೇ ಅದಾಗಿತ್ತು. 10 ಇಂಚಿನ ಚಕ್ರಗಳಿದ್ದ ಹಳೆಯ ಆಕ್ಟಿವಾ ಸ್ಕೂಟರುಗಳಲ್ಲೂ ಎರಡು ಕಡೆ 90/100-10 ಅಳತೆಯೇ, 53 ಎಂಬ ಭಾರ ಸೂಚ್ಯಂಕವೇ. ಇಂಗ್ಲೆಂಡಿನ ಏವನ್ ಕಂಪನಿಯ ರೋಡ್‌ರೈಡರ್ ಟೈರಿನ ಹಲವು ಅಳತೆಗಳು ಎರಡೂ ಚಕ್ರಕ್ಕೆಂದೇ ತಯಾರಾದವು. ಅಂಥ ಟೈರಿನ ಪಕ್ಕೆಯಲ್ಲಿ ಎರಡು ಬಾಣಗಳಿರುತ್ತವೆ, ಒಂದು ಮುಂದಿನ ಚಕ್ರಕ್ಕೆ, ಇನ್ನೊಂದು ಅದಕ್ಕೆ ವಿರುದ್ಧ ದಿಕ್ಕಿನಲ್ಲಿ ಹಿಂದಿನ ಚಕ್ರಕ್ಕೆ. ಹೀಗೆ ತಯಾರಕರೇ ಅನುಮತಿ ಕೊಟ್ಟು, ಭಾರದ ಅಂಕಿ ಹೊಂದಿ, ಟೈರಿನಲ್ಲಿ ಗ್ರಿಪ್ ಉಳಿದಿದ್ದರೆ ಅದಲುಬದಲಿಗೆ ನನ್ನ ತಕರಾರಿಲ್ಲ. ಆಗ ಅದು ಜಾಣತನವೇ.

ಆದರೆ ನಮ್ಮ ಹಳ್ಳಿ ಪಟ್ಟಣಗಳಲ್ಲಿ ಅತಿ ಹೆಚ್ಚಾಗಿ ಓಡುವ ಗಾಡಿಗಳು ಇವಲ್ಲ, 100 ಸಿಸಿಯ ಬೈಕುಗಳು. ಸ್ಪ್ಲೆಂಡರನ್ನೇ ತೆಗೆದುಕೊಳ್ಳಿ. ಅನೇಕ ವರ್ಷ ಅದರ ಎರಡೂ ಟೈರುಗಳ ಅಳತೆ 2.75-18 ಆಗಿತ್ತು. ಅಂಗಡಿಯಲ್ಲಿ ಕೇಳುವುದೂ ಇಷ್ಟೇ, ಕೊಡುವುದೂ ಇಷ್ಟೇ. ಆದರೆ ಅಳತೆಯ ಪಕ್ಕದಲ್ಲೇ ಇನ್ನೊಂದು ಅಂಕಿಯಿರುತ್ತದೆ: ಮುಂದಿನದಕ್ಕೆ 42ಪಿ, ಹಿಂದಿನದಕ್ಕೆ 48ಪಿ. ಪಿ ಅಂದರೆ ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿ, ಅದು ಎರಡಕ್ಕೂ ಸಮ. 42 ಎಂದರೆ ಟೈರು ಹೊರಬಲ್ಲ ಗರಿಷ್ಠ ಭಾರ 150 ಕಿಲೋ, 48 ಎಂದರೆ 180 ಕಿಲೋ. ಹೊಸ ಸ್ಪ್ಲೆಂಡರಿನ ಟ್ಯೂಬ್‌ಲೆಸ್ ಟೈರುಗಳ ಅಳತೆ 80/100-18. ಅಲ್ಲೂ ಮುಂದಿನದು 47, ಅಂದರೆ 175 ಕಿಲೋ. ಹಿಂದಿನದು 54, ಅಂದರೆ 212 ಕಿಲೋ. ಸುತ್ತಳತೆ ಒಂದೇ, ಅಗಲ ಒಂದೇ, ರಿಮ್ಮಿಗೆ ಕೂರುವ ರೀತಿಯೂ ಒಂದೇ. ಒಳಗಿನ ನೈಲಾನ್ ಕಟ್ಟಿನ ಬಲ ಮಾತ್ರ ಬೇರೆ. ಹಳೆಯ ಟೈರುಗಳಲ್ಲಿ ಇದನ್ನೇ 4 ಪ್ಲೈ, 6 ಪ್ಲೈ ಎಂಬ ದರ್ಜೆಯಾಗಿ ನಮೂದಿಸುತ್ತಿದ್ದರು. ಕಣ್ಣಿಗೆ ಕಾಣದ ಈ ವ್ಯತ್ಯಾಸವೇ ಇಡೀ ಚರ್ಚೆಯ ತಿರುಳು.

30 ಕಿಲೋ ವ್ಯತ್ಯಾಸ ದೊಡ್ಡದೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಸ್ಪ್ಲೆಂಡರಿನ ತೂಕ 112 ಕಿಲೋ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಂದಾಜು 60 ಕಿಲೋ, ಹಿಂದಿನ ಚಕ್ರದ ಮೇಲಿರುತ್ತದೆ. 65 ಕಿಲೋದ ಸವಾರ ಕೂತರೆ ಅವನ ಭಾರದಲ್ಲಿ 40 ಕಿಲೋದಷ್ಟು ಹಿಂದಕ್ಕೆ ಹೋಗುತ್ತದೆ. ಹಿಂಬದಿ ಸವಾರರು ಕೂರುವುದು ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೇ, ಹಾಗಾಗಿ ಅವರು 60 ಕಿಲೋ ಇದ್ದರೆ ಬಹುಪಾಲು ಅಲ್ಲಿಗೇ ಬಿತ್ತು. ಗಂಡ ಹೆಂಡತಿ ಇಬ್ಬರೇ ಹೊರಟರೂ 150ರ ಗಡಿ ದಾಟಿಯಾಯಿತು. ನಮ್ಮಲ್ಲಿ ಇಬ್ಬರೇ ಹೋಗುವುದು ಎಷ್ಟು ಸಲ? ನಡುವೆ ಮಗು, ಕ್ಯಾರಿಯರಿಗೆ ಕಟ್ಟಿದ 25 ಕಿಲೋ ಅಕ್ಕಿ ಚೀಲ, ಇಲ್ಲವೇ 30 ಕಿಲೋಗೆ ಹತ್ತಿರವಿರುವ ತುಂಬಿದ ಗ್ಯಾಸ್ ಸಿಲಿಂಡರ್, ಜಾತ್ರೆಗೆ ಹೊರಟರೆ ತ್ರಿಬಲ್ ರೈಡಿಂಗ್. ಇಷ್ಟು ಹೇರಿದರೆ ಸರಿಯಾದ ಹಿಂದಿನ ಟೈರೇ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಆ ಜಾಗದಲ್ಲಿ 42ರ ಟೈರು ಹಾಕುವುದೆಂದರೆ, ಉಳಿದಿದ್ದ ಅಲ್ಪಸ್ವಲ್ಪ ಭದ್ರತೆಯನ್ನೂ ಕಿತ್ತುಕೊಂಡಂತೆ.

"ನಮ್ಮೂರಿನಲ್ಲಿ ಎಷ್ಟೋ ಜನ ಹಾಕಿದ್ದಾರೆ, ಯಾರದೂ ಒಡೆದಿಲ್ಲ" ಎಂಬುದು ಈ ರೂಢಿಯ ಬಲವಾದ ವಾದ. ಅದನ್ನು ಹಗುರವಾಗಿ ಕಾಣಬಾರದು. ಟೈರಿನ ಮೇಲಿನ ಭಾರದ ಅಂಕಿ ಅದರ ಗರಿಷ್ಠ ವೇಗಕ್ಕೆ ಹೊಂದಿಸಿದ್ದು, ನಿಧಾನವಾಗಿ ಓಡಿಸುವಾಗ ಒಂದಿಷ್ಟು ರಿಯಾಯಿತಿ ಇರುತ್ತದೆ. 40ರ ವೇಗದಲ್ಲಿ ಸಂತೆಗೆ ಹೋಗಿ ಬರುವ ಗಾಡಿಯಲ್ಲಿ ಮುಂದಿನ ಟೈರು ಮೊದಲ ದಿನವೇ ಸಿಡಿಯುವುದಿಲ್ಲ, ಮೊದಲ ತಿಂಗಳಲ್ಲೂ ಸಿಡಿಯಲಿಕ್ಕಿಲ್ಲ. ರೂಢಿ ಬೇರೂರಿದ್ದೇ ಈ ಕಾರಣದಿಂದ. ಟೈರಿನ ಸಾವು ಒಂದೇ ಏಟಿಗೆ ಬರುವುದಿಲ್ಲ. ಭಾರ ಹೆಚ್ಚಾದಂತೆ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಏಳುತ್ತದೆ, ಬಾಗಿದಷ್ಟೂ ಒಳಗೆ ಬಿಸಿ ಹುಟ್ಟುತ್ತದೆ, ಆ ಬಿಸಿ ರಬ್ಬರಿಗೂ ನೈಲಾನ್ ದಾರಕ್ಕೂ ನಡುವಿನ ಅಂಟನ್ನು ದಿನದಿಂದ ದಿನಕ್ಕೆ ಸಡಿಲಿಸುತ್ತದೆ. ಕಲಬುರಗಿ, ರಾಯಚೂರುಗಳ ಮೇ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ದಾಟಿರುತ್ತದೆ, ಡಾಂಬರು ಇನ್ನೂ ಹೆಚ್ಚು ಕಾದಿರುತ್ತದೆ. ಅಂಥ ದಿನ ಹೆದ್ದಾರಿಯಲ್ಲಿ, ತುಂಬಿದ ಗಾಡಿಯಲ್ಲಿ, 70ರ ವೇಗದಲ್ಲಿ ಹೋಗುವಾಗ ಹಳೆಯ ಸಾಲವೆಲ್ಲ ಒಮ್ಮೆಗೇ ವಸೂಲಿಗೆ ಬರುತ್ತದೆ. ಆ ಕ್ಷಣಕ್ಕೆ ಟೈರಿನ ಪಕ್ಕೆ ಉಬ್ಬಿಕೊಂಡೋ ಬಿರುಕು ಬಿಟ್ಟೋ ಇದ್ದಿರಬಹುದು, ಆದರೆ ಅದು ಅದಲುಬದಲಿಯ ಫಲವೆಂದು ಯಾರೂ ಗುರುತಿಸುವುದಿಲ್ಲ. ದೋಷವನ್ನು ರಸ್ತೆಗುಂಡಿಯ ಮೇಲೆ ಹೊರಿಸಿ ಮುಂದೆ ಸಾಗುತ್ತೇವೆ.

ಗಾಳಿ ಹೆಚ್ಚು ಹೊಡೆಸಿದರೆ ಸರಿಹೋಗುತ್ತದೆ ಎಂಬ ಪರಿಹಾರವೂ ನಿಲ್ಲುವುದಿಲ್ಲ. ಇಬ್ಬರು ಕೂತಾಗ ಹಿಂದಿನ ಟೈರಿಗೆ ಮುಂದಿನದಕ್ಕಿಂತ ಬಹಳ ಹೆಚ್ಚು ಗಾಳಿ ಬೇಕು. ಕಡಿಮೆ ದರ್ಜೆಯ ಮುಂದಿನ ಟೈರು ತಾಳುವ ಗರಿಷ್ಠ ಒತ್ತಡ ಸಾಮಾನ್ಯವಾಗಿ ಹಿಂದಿನದಕ್ಕಿಂತ ಕಡಿಮೆ. ಹಿಂದಿನ ಚಕ್ರಕ್ಕೆ ಬೇಕಾದಷ್ಟು ಗಾಳಿ ತುಂಬಿದರೆ ಟೈರಿನ ಮಿತಿ ಮೀರುತ್ತದೆ, ಟೈರಿನ ಮಿತಿಗೆ ನಿಲ್ಲಿಸಿದರೆ ಭಾರ ಹೊರಲು ಗಾಳಿ ಸಾಲುವುದಿಲ್ಲ. ಇದಕ್ಕೆ ಮೂರನೆಯ ದಾರಿಯಿಲ್ಲ.

ಇನ್ನು ಬಾಣದ ಮಾತು. ಇದನ್ನು ಶೋಕಿಯ ಗುರುತೆಂದು ತಿಳಿದವರೇ ಹೆಚ್ಚು. ಬ್ರೇಕ್ ಹಿಡಿದಾಗ ರಸ್ತೆ ಮುಂದಿನ ಟೈರನ್ನು ಹಿಂದಕ್ಕೆ ಎಳೆಯುತ್ತದೆ. ಆಕ್ಸಿಲೇಟರ್ ತಿರುವಿದಾಗ ಹಿಂದಿನ ಟೈರು ರಸ್ತೆಯನ್ನು ಹಿಂದಕ್ಕೆ ತಳ್ಳುತ್ತದೆ, ರಸ್ತೆ ಅದನ್ನು ಮುಂದಕ್ಕೆ ನೂಕುತ್ತದೆ. ಎರಡು ಚಕ್ರಗಳ ಮೇಲೆ ಬೀಳುವ ಮುಖ್ಯ ಬಲಗಳು ಒಂದಕ್ಕೊಂದು ವಿರುದ್ಧ. ಟೈರಿನ ಮೇಲ್ಪದರದ ರಬ್ಬರನ್ನು ಹಲವು ವಿಧದ ತಯಾರಿಕೆಯಲ್ಲಿ ಪಟ್ಟಿಯಂತೆ ಸುತ್ತಿ, ಓರೆಯಾಗಿ ಕತ್ತರಿಸಿದ ಎರಡು ತುದಿಗಳನ್ನು ಒಂದರ ಮೇಲೊಂದು ಕೂರಿಸಿ ಬೆಸೆಯುತ್ತಾರೆ. ಬಲ ಆ ಬೆಸುಗೆಯನ್ನು ಒತ್ತುವ ಹಾಗೆ ಬರಬೇಕು, ಸುಲಿಯುವ ಹಾಗೆ ಬರಬಾರದು. ಮುಂದಿನ ಟೈರನ್ನು ಬಾಣ ನೋಡಿಯೇ ಹಿಂದಕ್ಕೆ ಕೂರಿಸಿದ ಎಚ್ಚರಿಕೆಯ ಮೆಕ್ಯಾನಿಕ್ಕೂ ಇಲ್ಲಿ ತಪ್ಪಿಬೀಳುತ್ತಾನೆ. ಅದು ಮುಂದಿನ ಚಕ್ರಕ್ಕೆ ಹೇಳಿದ ಬಾಣ, ಹಿಂದಿನದಕ್ಕೆ ಅದು ತಲೆಕೆಳಗು. ಎರಡೂ ಚಕ್ರಕ್ಕೆ ಆಗುವ ಟೈರುಗಳಲ್ಲಿ ತಯಾರಕರು ಎರಡು ಬಾಣ ಅಚ್ಚು ಹಾಕುವುದು ಇದಕ್ಕಾಗಿಯೇ. ಬಾಣ ತಿರುಗಿಸಿ ಹಾಕಿದರೆ ಈ ಒಂದು ತಕರಾರು ತೀರುತ್ತದೆ, ಭಾರದ ತಕರಾರು ತೀರುವುದಿಲ್ಲ.

ಟೈರಿನ ಮೇಲಿನ ಅಚ್ಚೂ ಅಲಂಕಾರವಲ್ಲ. ಕಮ್ಯೂಟರ್ ಬೈಕುಗಳ ಮುಂದಿನ ಟೈರಿನಲ್ಲಿ ಸುತ್ತಲೂ ಓಡುವ ಉದ್ದುದ್ದ ಗೆರೆಗಳಿರುವುದು ಹೆಚ್ಚು. ಹ್ಯಾಂಡಲ್ ತಿರುಗಿಸಿದ ಕಡೆಗೆ ಗಾಡಿ ಅಡ್ಡ ಜಾರದೆ ತಿರುಗಲು ಅವು ಬೇಕು. ಹಿಂದಿನ ಟೈರಿನಲ್ಲಿ ಬಿಡಿಬಿಡಿ ಬಟನ್ನುಗಳು. ಮಣ್ಣನ್ನೂ ಒದ್ದೆ ಡಾಂಬರನ್ನೂ ಕಚ್ಚಿ ಗಾಡಿಯನ್ನು ಮುಂದೆ ನೂಕಲು ಅವು ಬೇಕು. ಮುಂದಿನ ಟೈರಿನ ಗೆರೆಗಳ ಆಳವೂ ಸಾಮಾನ್ಯವಾಗಿ ಕಡಿಮೆ, ಹಿಂದಿನ ಚಕ್ರದಲ್ಲಿ ಅದು ಬೇಗ ಸವೆದುಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಆಗುಂಬೆಯ ತಿರುವುಗಳನ್ನು ಹತ್ತುವ ಗಾಡಿಗೆ, ತೋಟದ ಕೆಸರು ದಾರಿಯಲ್ಲಿ ಹಾಲಿನ ಕ್ಯಾನ್ ಹೊತ್ತು ಬರುವ ಗಾಡಿಗೆ ಉದ್ದಗೆರೆಯ ಟೈರು ಹಿಂದೆ ಹಾಕಿದರೆ ಅದು ನಿಂತಲ್ಲೇ ಸುತ್ತುತ್ತದೆ. ಉಳಿತಾಯವೆಂದು ಹೊರಟದ್ದು ಕೊನೆಗೆ ಉಳಿತಾಯವಾಗಿಯೂ ನಿಲ್ಲುವುದಿಲ್ಲ.

ಅಳತೆಯೇ ಬೇರೆಯಿದ್ದರೂ ರಿಮ್ಮಿನ ಇಂಚು ಒಂದೇ ಎಂದು ಹಾಕುವವರಿದ್ದಾರೆ. ಪಲ್ಸರ್ 150ರ ಒಂದು ಕಾಲದ ಮಾದರಿಯಲ್ಲಿ ಮುಂದೆ 2.75-17, ಹಿಂದೆ 100/90-17. ಎರಡೂ 17 ಇಂಚು, ಆದರೆ ಹಿಂದಿನದು ಅಗಲವೂ ಹೌದು, ಎತ್ತರವೂ ಹೌದು. ಅಲ್ಲಿ ಮುಂದಿನ ಅಳತೆಯದನ್ನು ಕೂರಿಸಿದರೆ ಹಿಂದಿನ ಚಕ್ರದ ಸುತ್ತಳತೆ ನೂರಕ್ಕೆ ಆರರಷ್ಟು ಇಳಿಯುತ್ತದೆ, ಗಾಡಿಯ ಹಿಂಭಾಗ ಎರಡು ಸೆಂಟಿಮೀಟರಿನಷ್ಟು ಕುಸಿಯುತ್ತದೆ. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಬೇಕಾದಷ್ಟು ವಾಲದೆ ನೆಟ್ಟಗೆ ನಿಲ್ಲುತ್ತದೆ, ಅದೇ ವೇಗಕ್ಕೆ ಎಂಜಿನ್ ಹೆಚ್ಚು ತಿರುಗುತ್ತದೆ. ಅಗಲ ರಿಮ್ಮಿನ ಮೇಲೆ ಕಿರಿದಾದ ಟೈರು ಹಿಗ್ಗಿ ಕೂರುವುದರಿಂದ ಅದರ ದುಂಡು ಮೈ ಚಪ್ಪಟೆಯಾಗಿ ತಿರುವಿನಲ್ಲಿ ನೆಲ ಹಿಡಿಯುವ ರೀತಿಯೇ ಕೆಡುತ್ತದೆ. ಇದರ ಪರವಾಗಿ ಹೇಳಲು ಒಂದು ಮಾತೂ ನನಗೆ ಸಿಕ್ಕುವುದಿಲ್ಲ.

ಇದರ ಉಲ್ಟಾ ರೂಢಿ, ಅಂದರೆ ಅರ್ಧ ಸವೆದ ಹಿಂದಿನ ಟೈರನ್ನು ಮುಂದಕ್ಕೆ ಹಾಕಿ ಹಿಂದಕ್ಕೆ ಹೊಸದನ್ನು ಕೊಳ್ಳುವುದು, ಒಂದೇ ಅಳತೆಯ ಬೈಕುಗಳಲ್ಲಿ ಇನ್ನೂ ಸಾಮಾನ್ಯ. ಭಾರದ ಲೆಕ್ಕದಲ್ಲಿ ಇದು ಮೇಲು, ಬಲವಾದ ಟೈರು ಹಗುರ ಜಾಗಕ್ಕೆ ಬಂತು. ಆದರೆ ನಟ್ಟನಡುವೆ ಸವೆದು ಚಪ್ಪಟೆಯಾದ ಟೈರು ಹ್ಯಾಂಡಲಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಕೆಲಸ ಮಾಡುವುದು ಮುಂದಿನ ಚಕ್ರ, ಒದ್ದೆ ರಸ್ತೆಯಲ್ಲಿ ಅದು ಜಾರಿದರೆ ಸಾವರಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಹಾಗಾಗಿ ಇದನ್ನೂ ಪರಿಹಾರವೆಂದು ಒಪ್ಪಲಾರೆ.

ಇಷ್ಟೆಲ್ಲ ತಿಳಿದ ಮೇಲೂ ದುಡ್ಡಿನ ಪ್ರಶ್ನೆ ಉಳಿಯುತ್ತದೆ. ಕೂಲಿಗೆ ಹೋಗುವವನಿಗೆ ಹಿಂದಿನ ಟೈರಿನ ಬೆಲೆ ಸಣ್ಣದಲ್ಲ. ಆದರೆ ಈ ಉಳಿತಾಯದಲ್ಲಿ ಒಂದು ಅನ್ಯಾಯ ಅಡಗಿದೆ. ದುಡ್ಡು ಉಳಿಯುವುದು ಹ್ಯಾಂಡಲ್ ಹಿಡಿದವನಿಗೆ. ಹಿಂದಿನ ಟೈರು ಸಿಡಿದು ಗಾಡಿಯ ಹಿಂಭಾಗ ಅತ್ತಿತ್ತ ಹೊಯ್ದಾಡಿದಾಗ ಹಿಡಿತ ತಪ್ಪುವುದು ಒಂದು ಬದಿಗೆ ಕಾಲಿಟ್ಟು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ. ಎಷ್ಟೋ ಸಲ ಅವಳ ತಲೆಯ ಮೇಲೆ ಹೆಲ್ಮೆಟ್ಟೂ ಇರುವುದಿಲ್ಲ. ಟೈರು ಬದಲಿಸುವ ಹೊತ್ತಿನಲ್ಲಿ ಅವಳನ್ನು ಯಾರೂ ಕೇಳಿರುವುದಿಲ್ಲ. ಒಂಟಿಯಾಗಿ ಓಡಿಸುವವನು ತನ್ನ ಅಪಾಯ ತನಗೆ ಎನ್ನಬಹುದು. ಮನೆಮಂದಿಯನ್ನು ಹೊತ್ತೊಯ್ಯುವ ಗಾಡಿಗೆ ಆ ಸಮರ್ಥನೆ ಸಲ್ಲದು.

ತಪ್ಪು ಸವಾರನೊಬ್ಬನದೇ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು ದ್ವಿಚಕ್ರ ವಾಹನದ ಟೈರಿನ ಗೆರೆಯ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆನ್ನುತ್ತವೆ. ಆಳ ಅಳೆದು ನೋಡುವವರಿಗೆ ಮುಂದಿನ ಟೈರು ಹಿಂದೆ ಕೂತಿದ್ದು ಕಾಣುವುದೇ ಇಲ್ಲ. ಭಾರದ ಮಿತಿ ಟೈರಿನ ಮೇಲೆ ಇದ್ದರೂ, ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಕರಿಯ ಮೇಲೆ ಕರಿಯಾಗಿ, ಧೂಳು ಮುಚ್ಚಿಕೊಂಡಿರುತ್ತದೆ. ಮುಂದಿನದು, ಹಿಂದಿನದು ಎಂಬುದನ್ನೂ ಎಷ್ಟು ಕಿಲೋ ಎಂಬುದನ್ನೂ ದೂರದಿಂದಲೇ ಓದುವಂತೆ ದೊಡ್ಡದಾಗಿ ಅಚ್ಚು ಹಾಕುವುದು ತಯಾರಕರಿಗೆ ಕಷ್ಟದ ಕೆಲಸವಲ್ಲ. ಬರೀ ಅಳತೆ ಕೇಳಿ ಟೈರು ಕೊಡುವ ಅಂಗಡಿಯವರು "ಮುಂದಕ್ಕೋ ಹಿಂದಕ್ಕೋ?" ಎಂದು ಇನ್ನೊಂದು ಪ್ರಶ್ನೆ ಕೇಳಲು ಖರ್ಚೇನೂ ಇಲ್ಲ.

ನನ್ನ ತೀರ್ಪು ಇದು. ಟೈರಿನ ಪಕ್ಕೆಯಲ್ಲಿ ಹಿಂದಿನ ಚಕ್ರಕ್ಕೂ ಬಾಣವಿದ್ದು ಅಥವಾ ಗಾಡಿಯ ಕೈಪಿಡಿ ಎರಡು ಕಡೆಗೂ ಅದೇ ಟೈರನ್ನು ಹೇಳಿದ್ದು, ಭಾರದ ಅಂಕಿ ಹಿಂದಿನ ಚಕ್ರಕ್ಕೆ ಹೇಳಿದ್ದಕ್ಕಿಂತ ಕಡಿಮೆ ಇಲ್ಲದಿದ್ದರೆ ಹಾಕಿ, ಧೈರ್ಯವಾಗಿ ಓಡಿಸಿ. ಇವುಗಳಲ್ಲಿ ಒಂದು ತಪ್ಪಿದರೂ ಬೇಡ. ಹಿಂದಿನ ಟೈರು ಕೊಳ್ಳಲು ಇನ್ನೊಂದು ತಿಂಗಳು ಬೇಕಾದರೆ ಅಲ್ಲಿಯವರೆಗೆ ಗಾಡಿಯ ಮೇಲೆ ಚೀಲ ಹೇರಬೇಡಿ, ಯಾರನ್ನೂ ಹಿಂದೆ ಕೂರಿಸಬೇಡಿ, ಮನೆಯವರನ್ನು ಬಸ್ಸಿನಲ್ಲಿ ಕಳಿಸಿ. ಕೈಯಲ್ಲಿ ದುಡ್ಡು ಕಡಿಮೆಯಿದ್ದಾಗ ಹೊರೆ ಇಳಿಸಿಕೊಳ್ಳಬೇಕು, ಹೊರೆ ಹೊರುವ ಟೈರಿನ ಬಲವನ್ನಲ್ಲ.